ಮನೆಯಂಗಳದ ಮೆಣಸಿನ ಗಿಡ



ದಾವಣಗೆರೆಯ ಹೆಸರನ್ನೆತ್ತಿದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆದೋಸೆ. ಊರಿನವರಿಗೆ ನೆನಪಾಗುವುದು ಮಂಡಕ್ಕಿ ಮತ್ತು ಮೆಣಸಿನಕಾಯಿ. ಆ ಊರಿನಲ್ಲಿ ಸಂಜೆಯ ಹೊತ್ತು 'ಮೆಣಸಿನಕಾಯಿ' ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿಯೆಂದೇ ಅರ್ಥ. ಬೇರೆ ವಿವರಣೆ ಬೇಡ. ವಿನೋಬನಗರದ ಬೀದಿಗಳಿಂದ ಹಿಡಿದು ಹರಿಹರದ ಹೊಳೆಯ ದಂಡೆಯವರೆಗೆ, ಹಸಿಯದಾಗಿಯೋ ಒಣಗಿದುದಾಗಿಯೋ ಪುಡಿಯಾಗಿಯೋ ಈ ಕಾಯಿಯು ಪ್ರವೇಶಿಸದ ಅಡಿಗೆಮನೆಯಿಲ್ಲ. ಬಡವನ ರೊಟ್ಟಿಗೆ ಅದೇ ವ್ಯಂಜನ; ಶ್ರೀಮಂತನ ಭೋಜನಕ್ಕೆ ಅದೇ ಒಡವೆ.

ಹೀಗೆ ದಿನಕ್ಕೆ ಎರಡು ಮೂರು ಬಾರಿ ನಮ್ಮ ನಾಲಗೆಯನ್ನಾಳುವ ಈ ವಸ್ತು ಎಲ್ಲಿಂದ ಬರುತ್ತದೆಂದು ಕೇಳಿದರೆ, ವಿದ್ಯಾವಂತರೆನಿಸಿಕೊಂಡ ನಾವು 'ಅಂಗಡಿಯಿಂದ' ಎಂಬ ಉತ್ತರದ ಆಚೆಗೆ ಹೋಗಲಾರೆವು. ಆಂಗ್ಲ ಕಾವ್ಯಗಳಲ್ಲಿ ಬರುವ ಹೂಗಳ ಹೆಸರುಗಳನ್ನು ಸರಾಗವಾಗಿ ಹೇಳಬಲ್ಲ ಕಾಲೇಜಿನ ವಿದ್ಯಾರ್ಥಿಗೆ ಮೆಣಸಿನ ಹೂವು ಬಿಳುಪೋ ಕೆಂಪೋ ತಿಳಿದಿರುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಹೊಲ ಬೇಕಾಗಿಲ್ಲ, ಬಾವಿ ಬೇಕಾಗಿಲ್ಲ. ಒಂದು ಕುಂಡ, ಒಂದು ಹಿಡಿ ಗೊಬ್ಬರ, ಆರು ಗಂಟೆಗಳ ಬಿಸಿಲು ಇವಿಷ್ಟಿದ್ದರೆ ಸಾಕು. ಬೀಜದಿಂದ ಮೊದಲುಮಾಡಿ ಮೆಣಸಿನ ಗಿಡವನ್ನು ಮನೆಯಲ್ಲಿಯೇ ಬೆಳೆಸುವ ಕ್ರಮವನ್ನೂ, ಹಾಗೆ ಬೆಳೆಸುವುದರಿಂದ ನಾಲಗೆಗಲ್ಲದೆ ನಾಡಿಗೂ ಆಗಬಹುದಾದ ಒಂದು ಉಪಕಾರವನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಈ ಗಿಡದ ಪೂರ್ವಚರಿತ್ರೆ. ಮೆಣಸಿನಕಾಯಿ ನಮ್ಮ ನೆಲದ ಮಗುವಲ್ಲ. ಬಂದು ನೆಲೆಸಿದ ಅತಿಥಿ. ಅದರ ತವರು ಅಮೆರಿಕಾ ಖಂಡ. ಮೆಕ್ಸಿಕೊ ಮೊದಲಾದ ಪ್ರಾಂತಗಳ ಜನ ಸಹಸ್ರಾರು ವರ್ಷಗಳಿಂದ ಅದನ್ನು ಬೆಳೆಯುತ್ತಿದ್ದರು. 1492ರಲ್ಲಿ ಕೊಲಂಬಸನು ಹಡಗು ಹತ್ತಿ ಹೊರಟದ್ದು ನಮ್ಮ ದೇಶದ ಕರಿಮೆಣಸು ಮೊದಲಾದ ಸಾಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಅವನಿಗೆ ದೊರೆತದ್ದು ಈ ಕೆಂಪು ಕಾಯಿ. ಖಾರವಾಗಿದ್ದುದರಿಂದ ಇದೂ ಒಂದು ಬಗೆಯ ಮೆಣಸೇ ಎಂದು ಪಾಶ್ಚಾತ್ಯರು ತಿಳಿದರು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಮೇಲೆ, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ, ಅವರ ಹಡಗುಗಳ ಮೂಲಕ ಈ ಗಿಡ ನಮ್ಮ ಕರಾವಳಿಯನ್ನು ಸೇರಿ ಘಟ್ಟವನ್ನೇರಿತು. ನಮ್ಮ ಹಿರಿಯರೂ ಅದಕ್ಕೆ ಹೊಸ ಹೆಸರನ್ನು ಹುಡುಕುವ ಶ್ರಮ ವಹಿಸಲಿಲ್ಲ. ಖಾರಕ್ಕೆ ಅದುವರೆಗೆ ಇದ್ದ ಹೆಸರು ಮೆಣಸು, ಇದು ಕಾಯಿ, ಆದಕಾರಣ ಮೆಣಸಿನಕಾಯಿ. ವಸ್ತುತಃ ಬಳ್ಳಿಯಲ್ಲಿ ಗೊಂಚಲಾಗುವ ಕರಿಮೆಣಸಿಗೂ ಇದಕ್ಕೂ ಯಾವ ಬಾಂಧವ್ಯವೂ ಇಲ್ಲ. 1753ರಲ್ಲಿ ಲಿನೀಯಸನು 'ಕ್ಯಾಪ್ಸಿಕಮ್ ಆನ್ಯುಅಮ್' ಎಂದು ನಾಮಕರಣ ಮಾಡಿದ ಈ ಗಿಡದ ನೆಂಟರೆಂದರೆ ಬದನೆ, ಟೊಮ್ಯಾಟೊ, ಆಲೂಗೆಡ್ಡೆ ಮತ್ತು ಹೊಗೆಸೊಪ್ಪು.

ಬಂದ ಅತಿಥಿ ಮನೆಯವನೇ ಆಗಿಬಿಟ್ಟದ್ದಕ್ಕೆ ಉತ್ತಮ ನಿದರ್ಶನ ನಮ್ಮ ಬ್ಯಾಡಗಿ. ಹರಿಹರದಲ್ಲಿ ಹುಬ್ಬಳ್ಳಿಯ ಕಡೆಯ ರೈಲನ್ನೇರಿದರೆ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರು, ದೇವರಗುಡ್ಡಗಳನ್ನು ಹಿಂದೆ ಹಾಕಿ, ಸ್ವಲ್ಪ ಹೊತ್ತಿನಲ್ಲಿಯೇ ಬ್ಯಾಡಗಿಯನ್ನು ತಲಪುತ್ತೇವೆ. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಈ ಹೊಳೆಯು ಮೈಸೂರು ಸೀಮೆಗೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿತ್ತು. ಆದರೆ ಮೆಣಸಿನಕಾಯಿಗೆ ಗಡಿಯ ಕಟ್ಟುಪಾಡು ಎಂದೂ ಇರಲಿಲ್ಲ. ಬ್ಯಾಡಗಿಯ ಕಾಯಿ ಗಾಢವಾದ ಕೆಂಪು; ಒಣಗಿದಾಗ ಮೈಯೆಲ್ಲ ಸುಕ್ಕು; ಖಾರ ಮಿತ, ಬಣ್ಣ ಅಮಿತ. ಅದರಲ್ಲಿ ಎರಡು ಬಗೆ: ಗಿಡ್ಡವಾಗಿ ಉಬ್ಬಿಕೊಂಡಿರುವುದು ಡಬ್ಬಿ, ನೀಳವಾಗಿ ಸಣ್ಣಗಿರುವುದು ಕಡ್ಡಿ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರು ಬಣ್ಣದ ತೈಲವನ್ನು ಹಿಂಡುತ್ತಾರೆ. ಅದು ಆಹಾರ ಪದಾರ್ಥಗಳಿಗೂ, ಸ್ತ್ರೀಯರ ತುಟಿಯ ಮತ್ತು ಉಗುರಿನ ಬಣ್ಣಗಳಿಗೂ ಹೋಗುತ್ತದೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಇಷ್ಟೆಲ್ಲ ಕೀರ್ತಿಯುಳ್ಳ ಕಾಯಿಯ ಬೀಜವು ಮಾತ್ರ ಈಗ ಕಷ್ಟದಲ್ಲಿದೆ. ಹಳೆಯ ಬ್ಯಾಡಗಿ ತಳಿಯು ಎರೆಹೊಲದಲ್ಲಿ ಮಳೆಯನ್ನು ನಂಬಿ ಬೆಳೆಯುವಂಥದು. ಅದರ ಇಳುವರಿ ಕಡಿಮೆ. ಎಲೆಮುರುಟು ರೋಗಕ್ಕೆ ಅದು ಬೇಗ ತುತ್ತಾಗುತ್ತದೆ. ಆದಕಾರಣ ರೈತನು ಹೆಚ್ಚು ಕಾಯಿ ಕೊಡುವ ಸಂಕರ ತಳಿಗಳ ಕಡೆಗೆ ತಿರುಗಿದ್ದಾನೆ. ಅವನನ್ನು ದೂರುವುದು ನ್ಯಾಯವಲ್ಲ. ಅವನ ಸಂಸಾರ ನಡೆಯುವುದು ಹೆಸರಿನಿಂದಲ್ಲ, ತೂಕದಿಂದ. 2024ರ ಮಾರ್ಚ್ 11ರಂದು ಬೆಲೆ ಕುಸಿದುದರಿಂದ ಕನಲಿದ ಬೆಳೆಗಾರರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟ ವರ್ತಮಾನವನ್ನು ನಾವೆಲ್ಲರೂ ಕೇಳಿದ್ದೇವೆ. ನಾವು ರುಚಿಯನ್ನು ಕುರಿತು ಮಾತನಾಡುವಾಗ ಅವನು ಸಾಲವನ್ನು ಕುರಿತು ಯೋಚಿಸುತ್ತಿರುತ್ತಾನೆ.

ಆದರೆ ಸಂಕರ ಬೀಜಕ್ಕೆ ಒಂದು ಗುಣವಿದೆ. ಅದರಿಂದ ಬಂದ ಗಿಡದ ಬೀಜವನ್ನು ಮರುವರ್ಷ ಬಿತ್ತಿದರೆ, ಮಕ್ಕಳೆಲ್ಲ ತಾಯಿಯಂತೆ ಬರುವುದಿಲ್ಲ. ಒಂದು ಅಜ್ಜನಂತೆ, ಒಂದು ಅಜ್ಜಿಯಂತೆ, ಒಂದು ಯಾರಂತೆಯೂ ಇಲ್ಲದಂತೆ ಚದರಿಹೋಗುತ್ತವೆ. ಬಟಾಣಿ ಗಿಡಗಳಲ್ಲಿ ಮೆಂಡೆಲನು ಕಂಡುಹಿಡಿದ ನಿಯಮವೇ ಇದು. ಆದುದರಿಂದ ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು. ಹಳೆಯ ತಳಿಯಾದರೋ ಬೀಜದಂತೆ ವೃಕ್ಷ ಎಂಬ ಗಾದೆಗೆ ಬಹುಮಟ್ಟಿಗೆ ನಿಷ್ಠವಾಗಿರುತ್ತದೆ. ಒಮ್ಮೆ ಮನೆಯೊಳಗೆ ಬಂದರೆ ತಲೆಮಾರುಗಳವರೆಗೆ ಇರಬಲ್ಲುದು. ಒಮ್ಮೆ ಎಲ್ಲರ ಮನೆಯಿಂದಲೂ ಹೋದರೆ ಯಾವ ಅಂಗಡಿಯಲ್ಲಿಯೂ ದೊರೆಯದು. ಪಟ್ಟಣಿಗರಾದ ನಮ್ಮ ಕುಂಡದ ಪ್ರಶ್ನೆ ಬರುವುದು ಇಲ್ಲಿ. ಇಳುವರಿಯ ಚಿಂತೆಯಿಲ್ಲದವನು ಹಳೆಯ ತಳಿಯನ್ನು ಸಲಹಬಹುದು. ರೈತನಿಗೆ ದುಬಾರಿಯಾದ ಈ ಕೆಲಸ ನಮಗೆ ವಿನೋದ.

ಇನ್ನು ಬೆಳೆಸುವ ಕ್ರಮಕ್ಕೆ ಬರೋಣ.

ಬೀಜವು ಪರಿಚಿತ ರೈತನಿಂದ ದೊರೆತರೆ ಉತ್ತಮ. ಇಲ್ಲವಾದರೆ, ತೊಟ್ಟು ಸಹಿತವಾಗಿರುವ, ಬೂಷ್ಟು ಹಿಡಿಯದ, ಆ ವರ್ಷದ್ದೇ ಆದ ಒಣಕಾಯಿಗಳನ್ನು ಆರಿಸಿಕೊಂಡು ಬಿಡಿಸಬಹುದು. ಆದರೆ ಅಂಗಡಿಯ ಕಾಯಿ ಯಾವ ತಳಿಯದೆಂದು ಅಂಗಡಿಯವನಿಗೂ ತಿಳಿದಿರುವುದಿಲ್ಲವೆಂಬುದು ನೆನಪಿರಲಿ. ಬಿಳಿಹಳದಿಯ ಚಪ್ಪಟೆ ಬೀಜಗಳನ್ನು ಇಟ್ಟುಕೊಂಡು ಕಂದಿದವುಗಳನ್ನು ಬಿಸಾಡಬೇಕು. ಒಂದು ಗ್ರಾಮಿಗೆ 150ರಿಂದ 200 ಬೀಜ ತೂಗುತ್ತವಾದ್ದರಿಂದ ಒಂದೆರಡು ಕಾಯಿ ಒಂದು ಮನೆಗೆ ಧಾರಾಳ. ಬೀಜ ಜೀವಂತವಾಗಿದೆಯೇ ಎಂಬ ಸಂದೇಹವಿದ್ದರೆ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಹದಿನೈದು ಮೊಳೆತರೆ ಸಂತೋಷ, ಐದು ಮೊಳೆತರೆ ಬೇರೆ ಬೀಜ ಹುಡುಕಿ. ಬಿಡಿಸಿದ ಕೈಯಿಂದ ಕಣ್ಣನ್ನು ಮುಟ್ಟಬಾರದು. ಖಾರದ ಸತ್ತ್ವವು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಹಚ್ಚಿ ಸಾಬೂನಿನಿಂದ ತೊಳೆದರೆ ಹೋಗುತ್ತದೆ. ನಾಲಗೆ ಉರಿದಾಗ ನೀರಿಗಿಂತ ಮಜ್ಜಿಗೆ ಮೇಲೆಂಬ ನಮ್ಮ ಅಜ್ಜಿಯರ ಮಾತಿಗೂ ಆಧಾರವಿದೆ.

ಬಿತ್ತನೆಗೆ ನಮ್ಮ ಬಯಲುಸೀಮೆಯಲ್ಲಿ ಮೇ ತಿಂಗಳ ಕೊನೆಯಿಂದ ಜೂನ್ ವರೆಗೆ ಪ್ರಶಸ್ತ ಕಾಲ. ಸೆಪ್ಟೆಂಬರ್ ತಿಂಗಳೂ ಆಗಬಹುದು. ಬೀಜಕ್ಕೆ 25ರಿಂದ 30 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚನೆ ಹಿತ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಇವನ್ನು ಸಮಪಾಲಾಗಿ ಬೆರಸಿ, ತಳದಲ್ಲಿ ರಂಧ್ರವಿರುವ ತಟ್ಟೆಯಲ್ಲಾಗಲಿ ತೆಂಗಿನ ಚಿಪ್ಪಿನಲ್ಲಾಗಲಿ ತುಂಬಿ, ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಬೀಜವನ್ನೂರಬೇಕು. ಮೇಲೆ ತೆಳ್ಳಗೆ ಹುಲ್ಲು ಹೊದಿಸಿ, ಮೊಳಕೆ ಕಂಡ ದಿನವೇ ಹುಲ್ಲನ್ನು ತೆಗೆದುಬಿಡಬೇಕು. ಎಂಟು ಹತ್ತು ದಿನಗಳಲ್ಲಿ ಎರಡು ಕಿರಿದಾದ ಎಲೆಗಳು ತಲೆಯೆತ್ತುತ್ತವೆ. ಚಳಿಗಾಲದಲ್ಲಿ ಇನ್ನೂ ತಡವಾದೀತು. ಈ ಹತ್ತು ದಿನಗಳಲ್ಲಿ ಹೊಸಬರು ಕಳೆದುಕೊಳ್ಳುವುದು ತಾಳ್ಮೆಯನ್ನು. ಬೀಜವನ್ನು ಕೆದಕಿ ನೋಡುವುದು ಪರೀಕ್ಷೆಯ ಮರುದಿನವೇ ಫಲಿತಾಂಶ ಕೇಳಿದಂತೆ.

ಸಸಿಯ ಪ್ರಥಮ ಶತ್ರು ಬರಗಾಲವಲ್ಲ, ಯಜಮಾನನ ಅತಿಪ್ರೀತಿ. ನೀರು ಹೆಚ್ಚಾದರೆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಕಾಂಡವನ್ನು ಬುಡದಲ್ಲಿ ಕೊಳೆಯಿಸಿ, ರಾತ್ರಿ ನಿಂತಿದ್ದ ಸಸಿ ಬೆಳಗಾಗುವಷ್ಟರಲ್ಲಿ ಮಲಗಿಬಿಡುತ್ತದೆ. ಆದುದರಿಂದ ಬೆಳಗಿನ ಹೊತ್ತು ಮಾತ್ರ ಚಿಮುಕಿಸಬೇಕು. ಸಸಿಗಳು ಒತ್ತಾಗಿದ್ದರೆ ಬಲಹೀನವಾದವನ್ನು ಕಿತ್ತು ಗಾಳಿಯಾಡಿಸಬೇಕು. 35ರಿಂದ 45 ದಿನಗಳಲ್ಲಿ ಸಸಿ ನಾಲ್ಕರಿಂದ ಆರು ಅಂಗುಲ ಎತ್ತರವಾಗುತ್ತದೆ. ಆಗ ಒಂದು ಸಂಜೆ, ಬೇರಿನ ಮಣ್ಣು ಉದುರದಂತೆ ಎತ್ತಿ, ಒಂದೊಂದು ಕುಂಡಕ್ಕೆ ಒಂದೊಂದರಂತೆ ನೆಡಬೇಕು. ಕುಂಡ 12 ಅಂಗುಲ ಅಗಲ, ಅಷ್ಟೇ ಆಳವಿರಲಿ. ಹೊಲದಲ್ಲಿ ಈ ಬೆಳೆಗೆ ಎರೆಮಣ್ಣು ಪ್ರಿಯವೆಂದು ಹೇಳಿದೆನಷ್ಟೆ. ಆದರೆ ಕುಂಡದಲ್ಲಿ ಬರಿಯ ಎರೆ ಸಲ್ಲದು. ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಬಿರುಕುಬಿಟ್ಟು ಬೇರನ್ನು ಹರಿಯುತ್ತದೆ. ಮರಳು ಮತ್ತು ಗೊಬ್ಬರ ಬೆರಸಿ ಅದನ್ನು ಸಡಿಲಗೊಳಿಸಬೇಕು.

ಆಮೇಲೆ ಬೇಕಾದದ್ದು ಬಿಸಿಲು. ದಿನಕ್ಕೆ ಆರು ಗಂಟೆ ನೇರವಾಗಿ ಬೀಳದಿದ್ದರೆ ಗಿಡ ಬದುಕಬಹುದು, ಕಾಯಿ ಬಿಡದು. ಬೆರಳನ್ನು ಮಣ್ಣಿನೊಳಗೆ ಒಂದು ಗೆಣ್ಣಿನಷ್ಟು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಮೂರು ವಾರಕ್ಕೊಮ್ಮೆ ಒಂದು ಹಿಡಿ ಗೊಬ್ಬರ ಸಾಕು. ಸಾರಜನಕ ಹೆಚ್ಚಾದ ಗೊಬ್ಬರ ಸುರಿದರೆ ಎಲೆಯೇ ಎಲೆ, ಕಾಯಿ ಶೂನ್ಯ. ನೆಟ್ಟ ಒಂದೂವರೆ ತಿಂಗಳಿಗೆ, ಕವಲಿನ ಸಂದಿಯಲ್ಲಿ ತಲೆ ತಗ್ಗಿಸಿಕೊಂಡು ಹೂವು ಬರುತ್ತದೆ. ಅದು ಬಿಳಿಯ ಹೂವು. ಬಹುಮಟ್ಟಿಗೆ ಐದು ಎಸಳಿನದು. ಹಗಲಿನ ಶಾಖ 35 ಡಿಗ್ರಿಯನ್ನು ಮೀರಿದರೆ ಹೂವುದುರುವುದುಂಟು. ಇದು ರೋಗವಲ್ಲ, ಗಿಡದ ಮುನ್ನೆಚ್ಚರಿಕೆ. ಮಧ್ಯಾಹ್ನ ಸ್ವಲ್ಪ ನೆರಳು ಮಾಡಿದರೆ ಸಾಕು.

ನಿಜವಾದ ತೊಂದರೆಯೆಂದರೆ ಎಲೆ ಮುರುಟುವುದು. ಅದರ ಕಾರಣವನ್ನು ಎಲೆಯೇ ಹೇಳುತ್ತದೆ. ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ಕೀಟ. ಕೆಳಮುಖವಾಗಿ ಕೊಡೆಯಂತೆ ಬಾಗಿದ್ದರೆ ಮೈಟ್ ನುಸಿ. ಎಲೆ ಕಿರಿದಾಗಿ ಗಿಡವೇ ಕುಗ್ಗಿ ಪೊದೆಯಂತಾದರೆ ಬಿಳಿನೊಣ ಹೊತ್ತು ತಂದ ವೈರಸ್ ರೋಗ. ಮೊದಲಿನ ಎರಡಕ್ಕೆ, ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ, ಸಂಜೆಯ ಹೊತ್ತು ಎಲೆಯ ಕೆಳಮೈಗೆ ತಾಗುವಂತೆ ಸಿಂಪಡಿಸಬಹುದು. ಮೊದಲ ಎಲೆಯಲ್ಲಿಯೇ ಕಂಡುಹಿಡಿದರೆ ಗುಣವುಂಟು. ಮೂರನೆಯದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತುಹಾಕುವುದೇ ಉಳಿದ ಗಿಡಗಳಿಗೆ ಮಾಡುವ ಉಪಕಾರ. 2021ರಲ್ಲಿ ಪರದೇಶದಿಂದ ಬಂದ ಒಂದು ಜಾತಿಯ ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ನಮ್ಮ ಕುಂಡದ ಗಿಡ ಮುರುಟಿದಾಗ ಆಗುವ ಬೇಸರವನ್ನು ಎಕರೆಗಳಿಂದ ಗುಣಿಸಿ ನೋಡಿದರೆ ರೈತನ ಕಷ್ಟದ ಒಂದಂಶ ನಮಗೆ ಅರ್ಥವಾದೀತು. ಕುಂಡವು ಕಲಿಸುವ ಪಾಠಗಳಲ್ಲಿ ಇದು ಸಣ್ಣದೇನಲ್ಲ.

ನೆಟ್ಟ ಎರಡೂವರೆ ತಿಂಗಳಿಗೆ ಹಸಿಯ ಕಾಯಿ ಕೀಳಬಹುದು. ನಾಲ್ಕು ಗಿಡಗಳು ಒಂದು ಚಿಕ್ಕ ಸಂಸಾರದ ಒಗ್ಗರಣೆಗೆ ಬಹುದಿನ ಸಾಕಾಗುತ್ತವೆ. ವರ್ಷದ ಖಾರದಪುಡಿಯನ್ನೆಲ್ಲ ಮಾಳಿಗೆಯ ಮೇಲೆ ಬೆಳೆಯುತ್ತೇನೆಂದು ಯಾರಾದರೂ ಹೊರಟರೆ, ಅವರ ಉತ್ಸಾಹವನ್ನು ಮೆಚ್ಚಬೇಕು, ಲೆಕ್ಕವನ್ನಲ್ಲ. ಹಂಗೆರಿ ದೇಶದ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿ, ಸೆಗೆಡ್ ಪಟ್ಟಣದಲ್ಲಿ ಬೆಳೆಯುವ ಮೆಣಸಿನಕಾಯಿಯಿಂದಲೇ 'ಸಿ' ಜೀವಸತ್ತ್ವವನ್ನು ಹೇರಳವಾಗಿ ಬೇರ್ಪಡಿಸಿ, 1937ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಒಣಗಿಸಿದರೆ ಆ ಸತ್ತ್ವದ ಹೆಚ್ಚಿನ ಭಾಗ ನಷ್ಟವಾಗುತ್ತದೆ. ಆಗತಾನೆ ಕಿತ್ತ ಕಾಯಿಯಲ್ಲಿ ತುಂಬಿರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಈ ಗಿಡದ ಮಟ್ಟಿಗೆ ತಿದ್ದಿಕೊಳ್ಳಬಹುದು.

ಖಾರದ ವಿಷಯವಾಗಿಯೂ ಒಂದು ಮಾತು. ಖಾರವು ಬೀಜದಲ್ಲಿದೆಯೆಂದು ನಾವು ನಂಬಿದ್ದೇವೆ. ಅದು ಇರುವುದು ಬೀಜವನ್ನು ಹೊತ್ತಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಅಂಟಿಕೊಂಡದ್ದು ಸಹವಾಸದೋಷ. ಹಕ್ಕಿಗಳಿಗೆ ಈ ಉರಿ ತಿಳಿಯುವುದೇ ಇಲ್ಲ. ಬೀಜವನ್ನು ಅಗಿದು ನಾಶಮಾಡುವ ಪ್ರಾಣಿಗಳನ್ನು ದೂರವಿಟ್ಟು, ಇಡಿಯಾಗಿ ನುಂಗಿ ದೂರದಲ್ಲಿ ಚೆಲ್ಲುವ ಹಕ್ಕಿಗಳನ್ನು ಕರೆಯುವುದು ಗಿಡದ ಉಪಾಯ. ಬಿಸಿಯನ್ನು ಅರಿಯುವ ನರದ ಬಾಗಿಲನ್ನೇ ಖಾರವು ತಟ್ಟುತ್ತದೆಂಬುದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವನ ಸಂಗಡಿಗರು ತೋರಿಸಿದರು. ಅದಕ್ಕಾಗಿ ಅವನಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಸುಡದೆಯೇ ಸುಟ್ಟಂತೆ ತೋರುವ ಈ ಮಾಯೆಯನ್ನು ತಿಳಿದೂ ತಿಳಿದೂ ಬಯಸುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು.

ಇನ್ನು ಕೊನೆಯ ಮತ್ತು ಮುಖ್ಯವಾದ ಕೆಲಸ, ಬೀಜವನ್ನು ಉಳಿಸುವುದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದಾದರೂ ದುಂಬಿಗಳು ಅಕ್ಕಪಕ್ಕದ ಗಿಡಗಳ ಪರಾಗವನ್ನು ತರುತ್ತವೆ. ಆದಕಾರಣ ಬೇರೆ ತಳಿಗಳು ಹತ್ತಿರವಿದ್ದರೆ, ಮೊಗ್ಗು ಅರಳುವುದಕ್ಕೆ ಮುಂಚೆ ಒಂದು ರೆಂಬೆಗೆ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಿ, ಕಾಯಿ ನಿಂತ ಮೇಲೆ ಚೀಲವನ್ನು ಬಿಚ್ಚಿ, ಗುರುತಿಗೆ ದಾರವನ್ನು ಕಟ್ಟಬೇಕು. ಆ ಕಾಯಿಯನ್ನು ಗಿಡದಲ್ಲಿಯೇ ಪೂರ್ಣ ಕೆಂಪಾಗಲು ಬಿಡಬೇಕು. ಬೀಜಕ್ಕೆ ಆರಿಸಬೇಕಾದದ್ದು ಅತಿ ದೊಡ್ಡ ಕಾಯಿಯನ್ನಲ್ಲ. ರೋಗವಿಲ್ಲದೆ ನಿಂತ ಗಿಡದ, ತಳಿಯ ರೂಪವನ್ನು ಚೆನ್ನಾಗಿ ಹೊತ್ತ ಕಾಯಿಯನ್ನು. ನೆರಳಿನಲ್ಲಿ ಒಣಗಿಸಿ, ಬಾಗಿಸಿದರೆ ಮುರಿಯುವಷ್ಟು ಗಡುಸಾದ ಮೇಲೆ, ಗಾಜಿನ ಬಾಟಲಿಯಲ್ಲಿ ಹಾಕಿ, ಹೆಸರು ಮತ್ತು ವರ್ಷವನ್ನು ಬರೆದು ತಂಪಾದ ಕತ್ತಲಲ್ಲಿಟ್ಟರೆ ಎರಡು ಮೂರು ವರ್ಷ ಜೀವ ಹಿಡಿದಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಒಂದು ಮನೆಯ ನಾಲ್ಕೇ ಗಿಡಗಳಿಂದ ವರ್ಷ ವರ್ಷವೂ ಬೀಜವಿಟ್ಟರೆ, ತಳಿಯೊಳಗಿನ ವೈವಿಧ್ಯ ಕಿರಿದಾಗುತ್ತ ಬಂದು ಅದರ ಸತ್ತ್ವ ಕುಗ್ಗುತ್ತದೆ. ಒಂದು ಕುಂಡ ಒಂದು ತಳಿಯನ್ನು ಉಳಿಸಲಾರದು. ಆದರೆ ಒಂದು ಬೀದಿ ಉಳಿಸಬಲ್ಲುದು. ವಿನೋಬನಗರದ ಒಂದು ಅಡ್ಡರಸ್ತೆಯ ಇಪ್ಪತ್ತು ಮನೆಗಳವರು ತಲಾ ನಾಲ್ಕು ಗಿಡಗಳಂತೆ ಬ್ಯಾಡಗಿ ಡಬ್ಬಿಯೊಂದನ್ನೇ ಬೆಳೆಸಲಿ. ಆಗ 80 ಗಿಡಗಳಾದವು. ದುಂಬಿ ಈ ಮನೆಯ ಪರಾಗವನ್ನು ಆ ಮನೆಗೆ ಒಯ್ದರೂ ಕುಲಗೆಡುವ ಭಯ ಬಹಳ ಮಟ್ಟಿಗೆ ಇಲ್ಲ. ಅದು ಒಂದೇ ಕುಲದೊಳಗಿನ ಸಂಬಂಧ. ವರ್ಷಕ್ಕೊಮ್ಮೆ ಎಲ್ಲರ ಬೀಜವನ್ನೂ ಒಂದು ಪಾತ್ರೆಯಲ್ಲಿ ಬೆರಸಿ ಹಂಚಿಕೊಂಡರೆ ಮುಗಿಯಿತು. ಹೀಗೆ ಬೀಜವನ್ನು ಇಟ್ಟುಕೊಳ್ಳುವ, ಹಂಚಿಕೊಳ್ಳುವ, ಮುದ್ರೆಯ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೆಳೆಗಾರನಿಗೆ ಉಳಿಸಿಕೊಟ್ಟಿದೆ. ಹಕ್ಕು ಪುಸ್ತಕದಲ್ಲಿದ್ದು ಬೀಜ ಕೈಯಲ್ಲಿಲ್ಲದಿದ್ದರೆ ಪ್ರಯೋಜನವೇನು?

ಆ ಬಡಾವಣೆಗೆ ಹೆಸರಾದ ವಿನೋಬಾ ಭಾವೆಯವರು 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಿಂದ ಮೊದಲುಗೊಂಡು ಹಳ್ಳಿಹಳ್ಳಿಗೆ ನಡೆದು ಇಲ್ಲದವರಿಗಾಗಿ ಇದ್ದವರಿಂದ ಭೂಮಿಯನ್ನು ಬೇಡಿದರು. ಪಟ್ಟಣದಲ್ಲಿರುವ ನಮ್ಮಲ್ಲಿ ಕೊಡುವುದಕ್ಕೆ ಭೂಮಿಯಿಲ್ಲ. ಆದರೆ ಒಂದು ಚಿಟಿಕೆ ಬೀಜವನ್ನು ಬೆಳೆಸಿ ನೆರೆಯವರಿಗೆ ಕೊಡುವ ಶಕ್ತಿ ಎಲ್ಲರಿಗೂ ಇದೆ. ಮುಂದೊಂದು ದಿನ ಹೊಳೆಯಾಚೆಯ ರೈತನೊಬ್ಬನು ತನ್ನ ತಾತನ ಕಾಲದ ಡಬ್ಬಿ ಬೀಜವನ್ನು ಕೇಳಿಕೊಂಡು ಬಂದಾಗ, 'ಇದೆ, ತೆಗೆದುಕೊಳ್ಳಿ' ಎಂದು ಹೇಳುವ ಮನೆ ಎಲ್ಲಿಯಾದರೂ ಒಂದು ಇರಬೇಕು. ಅದು ನಿಮ್ಮ ಮನೆಯೇ ಏಕಾಗಬಾರದು?